ಬದಲಾಗದ ಓಢಣಿ

ಆಳಂದ ಕಡೆಯ ಆ ಹಳ್ಳಿಶಾಲೆಯಲ್ಲಿ ಮಕ್ಕಳೆದುರೇ ಗುರುಶಾಂತ ಮಾಸ್ತರರು ಬೆವರಿದ ಅಂಗಿ ಕಳಚಿ, ಚೀಲದಿಂದ ಇನ್ನೊಂದನ್ನು ತೆಗೆದರು. ಹೊಸ ಶಿಕ್ಷಕಿ ಮಹೆಕಳ ಪಾಠವನ್ನು ತಿಂಗಳಿಗೊಮ್ಮೆ ನೋಡಿ ತಿದ್ದಬೇಕೆಂದು ಸರ್ಕಾರ ನೇಮಿಸಿದ ಮಾರ್ಗದರ್ಶಕರು ಅವರು. ಪ್ರತಿ ಭೇಟಿಗೂ ಸಾಕ್ಷಿಯಾಗಿ ಒಂದು ಫೋಟೋ ಕಳಿಸಬೇಕಿತ್ತು; ತಪ್ಪಿಸಿದ ಭೇಟಿಗಳನ್ನೆಲ್ಲ ಇವತ್ತೇ ಮುಗಿಸಲು ಬಂದಿದ್ದರು.

“ಇದು ಆಗಸ್ಟ್ ತಿಂಗಳ ಫೋಟೋರಿ. ನೀವೂ ಓಢಣಿ ಬದಲಿಸ್ರಿ,” ಎಂದು ಅವಳ ಹೆಗಲ ಮೇಲಿನ ದುಪಟ್ಟಾದತ್ತ ಕೈ ತೋರಿಸಿ, ಕಿಟಕಿಯಾಚೆ ಗುಟ್ಕಾ ಉಗುಳಿದರು.

ಮಹೆಕ ಇಷ್ಟು ದಿನ ಅವರಿಗಾಗಿ ಕಾದಿದ್ದಳು. “ಸರ್, ಮನ್ಯಾಗ ಉರ್ದು ಮಾತಾಡೋ ಮಕ್ಕಳಿಗಿ ಕನ್ನಡ ಓದೂದು ಹೆಂಗ ಕಲಸ್ಲಿ? ಭಾಳ ತ್ರಾಸ ಪಡಾಕತ್ತಾವ್ರಿ.”

“ಅವು ಕಲಿತ್ರೇನು, ಬಿಟ್ರೇನು! ಮದಲ ಓಢಣಿ ಬದಲಿಸ್ರಿ.”

ಮುಂದಿನ ಸಾಲಿನ ಹುಡುಗಿ ತಲೆ ತಗ್ಗಿಸಿದಳು. ಅದನ್ನು ಕಂಡ ಮಹೆಕ ಓಢಣಿಯನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿದಳು.

“ಎಷ್ಟ್ ಬೇಕಾದ್ರೂ ಫೋಟೋ ತಗೀರಿ ಸರ್. ಎಲ್ಲಾದ್ರಾಗೂ ಇದೇ ಇರ್ತದ.”