ಕಸ್ತೂರೆವ್ವನ ನೂರಿಪ್ಪತ್ತು ಕಾರ್ಡು

ಬುಧವಾರ ಮಧ್ಯಾಹ್ನ ತಾಲೂಕು ಊರಾದ ಇಂಡಿಯಿಂದ ಬಂದ ಬಸ್ಸು ಊರ ಗ್ರಂಥಾಲಯದ ಮುಂದೆ ನಾಲ್ಕು ಕಟ್ಟಿಗೆಯ ಪೆಟ್ಟಿಗೆ ಇಳಿಸಿ ಹೋಯಿತು. ಗ್ರಂಥಪಾಲಕ ಧರೆಪ್ಪ ಎರಡು ವರ್ಷ ಅರ್ಜಿ ಬರೆದು ಬರೆದು ತರಿಸಿಕೊಂಡ ಹೊಸ ಪುಸ್ತಕಗಳು, ಒಟ್ಟು ಇನ್ನೂರ ನಲವತ್ತು. ಅವನ ಸಂತೋಷ ಬಾಗಿಲ ತನಕ ಮಾತ್ರ ಬಂತು. ಚಾವಡಿಯ ಮೂಲೆಯ ಆ ಕೋಣೆಯಲ್ಲಿ ಎರಡು ತುಂಬಿದ ಕಪಾಟು, ಕೂರಲು ಒಂದು ಉದ್ದನೆಯ ಬಾಕು, ಒಂದು ಕುರ್ಚಿ. ಕಪಾಟು ತೆರೆಯಬೇಕಾದರೆ ಬಾಕಿನ ಮೇಲಿದ್ದ ನಾಲ್ವರು ಪತ್ರಿಕೆ ಓದುತ್ತಲೇ ಎದ್ದು ಹೊರಗೆ ಹೋಗಿ ನಿಲ್ಲಬೇಕಿತ್ತು.

ಪೆಟ್ಟಿಗೆಗಳ ಜೊತೆ ಒಂದು ಕಾಗದವೂ ಬಂದಿತ್ತು. ಶನಿವಾರ ಇನ್ಸ್‌ಪೆಕ್ಟರು ತಪಾಸಣೆಗೆ ಬರುತ್ತಾರೆ. ಪುಸ್ತಕಗಳು ಕಪಾಟಿನಲ್ಲಿರಬೇಕು, ಇಲ್ಲವೇ ಓದುಗರ ಕೈಯಲ್ಲಿರಬೇಕು. ನೆಲದ ಮೇಲೆ ಬಿದ್ದದ್ದು ಕಂಡರೆ, ಸ್ಥಳವಿಲ್ಲವೆಂದು ಶಾಖೆ ಮುಚ್ಚಿ ಎಲ್ಲವನ್ನೂ ಇಂಡಿಗೆ ಸಾಗಿಸಲಾಗುವುದು. ಧರೆಪ್ಪ ಅದನ್ನು ಮೂರು ಸಲ ಓದಿದ. ಮೂರು ಸಲವೂ ಹಾಗೆಯೇ ಇತ್ತು.

ಅಷ್ಟರಲ್ಲಿ ಎದುರುಮನೆಯ ಕಸ್ತೂರೆವ್ವ ಎಮ್ಮೆ ಹೊಡೆದುಕೊಂಡು ಬಂದಳು. ಐವತ್ತು ದಾಟಿದ, ಊರಲ್ಲಿ ಯಾರ ಮಾತಿಗೂ ಸೋಲದ ಹೆಂಗಸು. ಪೆಟ್ಟಿಗೆಗಳು ಹಾದಿಗೆ ಅಡ್ಡವಾಗಿದ್ದವು.

“ಏನಪಾ ಧರೆಪ್ಪ, ನನ್ನ ಎಮ್ಮಿ ಇವನ್ನ ಹಾರಿ ಹೋಗಬೇಕೇನು?”

“ಒಳಗ ಜಾಗಾ ಇಲ್ರಿ ಅಕ್ಕಾರ. ಎಲ್ಲಿ ಇಡಲಿ, ನೀವ ಹೇಳ್ರಿ.”

“ಜ್ವಾಳ ಮಾರಿ ಎಂಟ ದಿನ ಆತು, ನಮ್ಮ ಪಡಸಾಲಿ ಖಾಲಿ ಬಿದ್ದೈತಿ. ಅಲ್ಲಿ ಒಗಿ, ನನ್ನ ಹಾದಿ ಬಿಡು.”

ಧರೆಪ್ಪನ ಮುಖ ಅರಳಿತು, ಮರುಕ್ಷಣವೇ ಬಾಡಿತು. ಪುಸ್ತಕ ಹೊರಗೆ ಹೋಗಬೇಕಾದರೆ ಸದಸ್ಯರ ಹೆಸರಿನಲ್ಲೇ ಹೋಗಬೇಕು. ಒಂದು ಕಾರ್ಡಿಗೆ ಎರಡೇ ಪುಸ್ತಕ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಒಳಗೆ ಹೋಗಿ ಖಾಲಿ ಕಾರ್ಡುಗಳ ಕಟ್ಟು ಮತ್ತು ಶಾಯಿಯ ಡಬ್ಬಿ ತಂದ. ಪಡಸಾಲೆಯಲ್ಲಿ ಕೂತು ಸಂಜೆಯ ತನಕ ಒಬ್ಬಳ ಹೆಸರಿನಲ್ಲೇ ನೂರಿಪ್ಪತ್ತು ಕಾರ್ಡು ಬರೆದ. ಓದುಬರಹ ಬಾರದ ಕಸ್ತೂರೆವ್ವ ಒಂದೊಂದಕ್ಕೂ ಹೆಬ್ಬೆಟ್ಟು ಒತ್ತುತ್ತ ಹೋದಳು. ಎಂಬತ್ತನೆಯ ಕಾರ್ಡಿನ ಹತ್ತಿರ ಅವಳಿಗೆ ಸಂಶಯ ಬಂತು.

“ನಮ್ಮ ಮಾವ ನಲವತ್ತ ಎಕರಿ ಬರದ ಕೊಟ್ಟಾಗ ಒಂದ ಸಲಾ ಒತ್ತಿದ್ರು. ನೀ ಏನ್ ಬರಸ್ಕೊಳ್ಳಾಕತ್ತಿ?”

“ಬರಸ್ಕೊಳ್ಳಾಕತ್ತಿಲ್ರಿ ಅಕ್ಕಾರ, ಕೊಡಾಕತ್ತೇನಿ,” ಎಂದ ಧರೆಪ್ಪ.

ಶನಿವಾರ ಹತ್ತರ ಬಸ್ಸಿಗೆ ಇನ್ಸ್‌ಪೆಕ್ಟರ್ ಬಸಂತರಾಯರು ಬಂದರು. ಗುಡಿಸಿದ ನೆಲ, ಒಪ್ಪವಾದ ಕಪಾಟು ನೋಡಿ ತಲೆದೂಗಿದರು. ಆಮೇಲೆ ರಜಿಸ್ಟರು ತೆರೆದರು.

“ಈ ಕಸ್ತೂರೆವ್ವ ಅನ್ನಾಕಿ ಒಂದ ದಿನಕ್ಕ ಇನ್ನೂರ ನಲವತ್ತ ಪುಸ್ತಕ ಒಯ್ದಾಳ!”

“ಹೌದ್ರಿ ಸಾಹೇಬ್ರ. ಓದೂ ಹುಚ್ಚು ಭಾಳ.”

“ಹೆಬ್ಬಟ್ಟ ಒತ್ಯಾಳಲ್ಲೋ!”

ಧರೆಪ್ಪ ಕುರ್ಚಿಯ ಧೂಳು ಒರೆಸಿದ. “ಓದೂದ್ರಾಗ ಬರಿಯೂದ ಕಲಿಯಾಕ ವ್ಯಾಳ್ಯಾ ಸಿಕ್ಕಿಲ್ರಿ.”

“ಒಬ್ಬರಿಗೆ ಎರಡ ಪುಸ್ತಕ ಅಂತ ನಿಯಮ ಐತಿ, ಗೊತ್ತಿಲ್ಲೇನು?”

“ಒಂದ ಕಾರ್ಡಿಗೆ ಎರಡ ಅಂತ ಐತ್ರಿ. ಒಬ್ಬರಿಗೆ ಎಷ್ಟ ಕಾರ್ಡು ಅಂತ ಬರದಿಲ್ರಿ.”

ಬಸಂತರಾಯರು ಚೀಲದಿಂದ ನಿಯಮಾವಳಿ ತೆಗೆದು ಮೊದಲಿಂದ ಕೊನೆಯವರೆಗೆ ತಿರುವಿದರು. ನಿಜಕ್ಕೂ ಬರೆದಿರಲಿಲ್ಲ. ಅದರಿಂದ ಅವರ ಸಿಟ್ಟು ಇನ್ನಷ್ಟು ಏರಿತು. “ನಡಿ, ಆಕಿ ಮನಿ ತೋರಿಸು,” ಎಂದು ಎದ್ದರು. ಪುಸ್ತಕದ ರಾಶಿಯ ಮೇಲೆ ಕೋಳಿ ಕೂತಿದ್ದರೆ ಏನು ಗತಿ ಎಂದುಕೊಳ್ಳುತ್ತ, ನೌಕರಿಯ ಆಸೆ ಬಿಟ್ಟು ಧರೆಪ್ಪ ಹಿಂದೆ ನಡೆದ.

ಕೋಳಿ ಇರಲಿಲ್ಲ. ಪೆಟ್ಟಿಗೆಗಳನ್ನು ಮಗ್ಗುಲಾಗಿ ಒಂದರ ಮೇಲೊಂದು ನಿಲ್ಲಿಸಿ ಪುಸ್ತಕ ಜೋಡಿಸಿದ್ದರು. ಕಂಬಕ್ಕೆ ಒರಗಿ ಕಸ್ತೂರೆವ್ವನ ಸೊಸೆ ಸುಮಿತ್ರಾಬಾಯಿ, ಏಳನೆಯ ತರಗತಿ ಪಾಸಾದವಳು, ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಸುತ್ತ ಓಣಿಯ ಹೆಂಗಸರು ಶೇಂಗಾ ಸುಲಿಯುತ್ತ ಕೂತಿದ್ದರು. ಗಂಡಸರು ಕೂರುವ ಚಾವಡಿಯ ಮೆಟ್ಟಿಲನ್ನು ಇವರಲ್ಲಿ ಒಬ್ಬರೂ ಎರಡು ವರ್ಷದಲ್ಲಿ ಹತ್ತಿರಲಿಲ್ಲ. ಅದು ಧರೆಪ್ಪನ ಗಮನಕ್ಕೆ ಬಂದದ್ದೇ ಈಗ.

ಅಧಿಕಾರಿಯನ್ನು ಕಂಡು ಸುಮಿತ್ರಾಬಾಯಿ ಸೆರಗು ಎಳೆದುಕೊಂಡು ಓದುವುದನ್ನು ನಿಲ್ಲಿಸಿದಳು.

“ಯಾಕ ನಿಂತಿ? ಆ ಹುಡಗಿ ಬಾವ್ಯಾಗ ಬಿದ್ಲೋ ಇಲ್ಲೋ?” ಎಂದು ಶೇಂಗಾ ಸುಲಿಯುತ್ತಿದ್ದವರಲ್ಲಿ ಒಬ್ಬಳಾದ ಯಲ್ಲವ್ವ ಗದರಿದಳು.

“ಇವೆಲ್ಲ ಸರಕಾರಿ ಪುಸ್ತಕ,” ಎಂದರು ಬಸಂತರಾಯರು. “ಇವತ್ತ ವಾಪಸ್ ಬರಬೇಕು.”

ಕಸ್ತೂರೆವ್ವ ಮೊರ ಕೆಳಗಿಟ್ಟಳು. “ಹದಿನೈದ ದಿವಸ ಇಟ್ಕೋಬಹುದು ಅಂತ ಕಾರ್ಡಿನ್ಯಾಗ ಬರದೈತಂತ. ಸೊಸಿ ಓದಿ ಹೇಳ್ಯಾಳ. ಇವತ್ತಿಗೆ ಮೂರ ಆತು. ಹನ್ನೆರಡ ದಿವಸ ಬಿಟ್ಟ ಬರ್ರಿ. ಅಲ್ಲೀತನಕಾ ಕುಂಡ್ರತೇನಂದ್ರ ಚಾ ಮಾಡಸ್ತೇನಿ.”

ಬಸಂತರಾಯರು ಜೋಡಿಸಿದ ಪುಸ್ತಕಗಳನ್ನೂ ಸುತ್ತ ಕೂತ ಹೆಂಗಸರನ್ನೂ ಒಮ್ಮೆ ನೋಡಿದರು. ಕೊನೆಗೆ ಹೊಸ್ತಿಲ ಪಕ್ಕ ಕೂತು ತಪಾಸಣೆ ವರದಿಯ ಹಾಳೆ ಬಿಚ್ಚಿದರು. ಅದರಲ್ಲಿ ‘ಮಹಿಳಾ ಓದುಗರು’ ಎಂದೊಂದು ಸಾಲಿತ್ತು. ಅದರ ಮುಂದೆ ‘ಇಲ್ಲ’ ಎಂದು ಬರೆದೇ ರೂಢಿಯಾಗಿದ್ದ ಅವರ ಕೈ ಆಗಲೇ ‘ಇ’ ಬರೆದುಬಿಟ್ಟಿತ್ತು. ಅದನ್ನು ಹೊಡೆದುಹಾಕಿದರು.

“ಈ ಪಡಸಾಲಿನ ಶಾಖೆಯ ಓದೂ ಕೋಣಿ ಅಂತ ತೋರಸ್ತೇನಿ. ಹಂಗಾದ್ರ ಮುಚ್ಚಾಕ ಬರೂದಿಲ್ಲ,” ಎಂದು ಧರೆಪ್ಪನಿಗೆ ಮೆಲ್ಲಗೆ ಹೇಳಿದರು. ಆಮೇಲೆ ಪೆನ್ನಿನ ತುದಿಯಿಂದ ಒಬ್ಬೊಬ್ಬರನ್ನೇ ಎಣಿಸಿದರು. “ಹದಿನಾಕು.”

“ಹದಿನೈದ ಬರೀರಿ ಸಾಹೇಬ್ರ,” ಎಂದಳು ಕಸ್ತೂರೆವ್ವ. “ಒಳಗ ಮಗಳು ಬಾಣಂತಿ ಮಲಗ್ಯಾಳ. ದನಿ ಎತ್ತಿ ಓದಿದ್ರ ಆಕೀಗೂ ಕೇಳಸ್ತೈತಿ.”