ಅರಿಶಿನದ ಕೆಳಗಿನ ಬೆರಳು

ಮನಸ್ಸಿಲ್ಲದಾಗ ಯಾರಾದರೂ ಮುಟ್ಟಿದರೆ ಚರ್ಮದ ಮೇಲೆ ಎಂದೂ ಅಳಿಯದ ನೀಲಿ ಗುರುತು ಮೂಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮದುವೆಯ ದಿನ ವಿಶಾಲಾಳ ಅವ್ವ ಅವಳ ಎಡಭುಜಕ್ಕೆ ಅರಿಶಿನವನ್ನು ದಪ್ಪಗೆ ಮೆತ್ತಿದ್ದಳು. ಆಮೇಲೆ ಮೂರು ವರ್ಷ ವಿಶಾಲಾಳೇ ದಿನಾ ಮೆತ್ತಿಕೊಂಡಳು. ಮೊದಮೊದಲು ಹಾಸಿಗೆಯಲ್ಲಿ ಗಂಡ ಹಾಲೇಶ ಕೈಚಾಚಿದರೆ ಸಾಕು, ಅವಳ ಮೈ ಕೊರಡಾಗುತ್ತಿತ್ತು.

ಇವತ್ತು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲೆಂದು ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಅವಳ ಭುಜದ ಅರಿಶಿನ ಒರೆಸಿದರು. ಐದು ನೀಲಿ ಬೆರಳು ಕಾಣಿಸಿದವು.

ಹಾಲೇಶನ ಮುಖ ಬಿಳಿಚಿತು. "ಇದು ನಂದೇನೇ?"

"ಅಲ್ಲ ರೀ. ಏಳು ವರ್ಷದವಳಿದ್ದಾಗಿಂದು. ಟ್ಯೂಷನ್ ಮೇಷ್ಟ್ರುದು. ಮೈ ಜೊತೆ ಅದೂ ಬೆಳೀತು."

"ಹೇಳ್ಬಾರ್ದಿತ್ತಾ?"

"ಬಾಯಿ ಬಿಟ್ರೆ ಗಂಡ ಬಿಟ್ಹೋಗ್ತಾನೆ ಅಂದಿದ್ಲು ಅವ್ವ."

"ಹುಚ್ಚಿ! ನನ್ನ ಕಂಡ್ರೇ ನಿನಗಾಗಲ್ಲ ಅಂತ ಮೂರು ವರ್ಷ ಚಾಪೆ ಮೇಲೆ ಬಿದ್ಕೊಂಡೆನಲ್ಲೇ."

ಹಾಗೆಂದವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರವೇ ನಿಂತ. ವಿಶಾಲಾ ತಾನೇ ಎದ್ದು ಹೋಗಿ ಅವನ ಬಲಗೈ ಬಿಡಿಸಿ, ಆ ನೀಲಿ ಗುರುತಿನ ಪಕ್ಕದಲ್ಲೇ ಇಟ್ಟುಕೊಂಡಳು. ಮನಸ್ಸಿನಲ್ಲೇ ಹತ್ತು ಎಣಿಸಿ ಅವನ ಕೈ ಎತ್ತಿದಳು. ಇಬ್ಬರೂ ಬಗ್ಗಿ ನೋಡಿದರು.

ಅಲ್ಲಿ ಅವನ ಅಂಗೈಯ ಬೆವರು ಮಾತ್ರ ಇತ್ತು.