ಬಿಳಿ ನೀರಿನೊಳಗಿನ ಕಟ್ಟೆ

ಪ್ರಯೋಗಾಲಯದ ದೊಡ್ಡ ತೊಟ್ಟಿಯ ನೀರಿಗೆ ಹಾಲಿನ ಪುಡಿ ಕದಡಿ ಬೆಳ್ಳಗೆ ಮಾಡಿದ್ದರು. ಆ ನೀರಿನಡಿ, ಕಣ್ಣಿಗೆ ಕಾಣದಂತೆ, ಒಂದು ಪುಟ್ಟ ಕಟ್ಟೆ. ಈಜಿ ಸುಸ್ತಾದ ಇಲಿ ಅದನ್ನು ಹುಡುಕಿ ಹತ್ತಿ ಕೂರಬೇಕು. ವಾರವಿಡೀ ಗುಂಡನೆಂಬ ಇಲಿಗೆ ಆ ಜಾಗ ಕಲಿಸಿದವಳು ಪ್ರಯೋಗ ನಡೆಸುವ ಮೇಡಂ ಕೈಕೆಳಗಿನ ವಿದ್ಯಾರ್ಥಿನಿ. ಇಲಿಗೆ ಹೆಸರಿಡಬಾರದು ಎಂದು ಮೇಡಂ ಗದರಿದ ಮೇಲೂ ಅವಳ ಪಾಲಿಗೆ ಅದು ಗುಂಡನೇ.

ಇವತ್ತು ಕೆಲವು ಇಲಿಗಳಿಗೆ ಇಂಜೆಕ್ಷನ್. ಮೆದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸ ತಡೆದು ನೆನಪು ಮಸುಕಾಗಿಸುವ ಮದ್ದು. "ಗುಂಡನಿಗೆ ಮಾತ್ರ ಬೇಡ ಮೇಡಂ" ಎಂದು ನಿನ್ನೆಯೇ ಗೋಗರೆದಿದ್ದಳು. ಮೇಡಂ ಇಲಿಗಳ ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡಿದ್ದರು.

ಮೊದಲು ಬಿಟ್ಟ ಇಲಿ ಯಾವ ಗಡಿಬಿಡಿಯೂ ಇಲ್ಲದೆ ತೊಟ್ಟಿಯ ಅಂಚು ಹಿಡಿದು ಸುತ್ತು ಹೊಡೆಯಿತು. ಅದನ್ನು ಎತ್ತಿದ ಮೇಲೆ ಗುಂಡನ ಸರದಿ. ಒಂದು ಕಡೆ ಬಂದವನು ಅಲ್ಲೇ ಗಿರಗಿರ ಸುತ್ತತೊಡಗಿದ. ಕಾಲಲ್ಲಿ ತಡಕಾಡಿದ, ಮೂಗು ಮುಳುಗಿಸಿದ, ಮತ್ತೆ ಅಲ್ಲೇ ಸುತ್ತಿದ.

"ಇವನಿಗೂ ಕೊಟ್ಟುಬಿಟ್ರಾ ಮೇಡಂ? ಎತ್ತಿಬಿಡ್ತೀನಿ."

"ಕೈ ಹಾಕ್ಬೇಡ. ಟೈಮ್ ಮುಗಿದಿಲ್ಲ."

"ಮುಳುಗಿಹೋಗ್ತಾನೆ."

"ಮುಳುಗಲ್ಲ."

ಅವಳು ತೊಟ್ಟಿಯ ಅಂಚಿನ ಮೇಲೆ ಬಾಗಿದಳು. "ಕಟ್ಟೆ ಪಕ್ಕದಲ್ಲೇ ಇದ್ರೂ ಅವನಿಗೆ ನೆನಪಾಗ್ತಿಲ್ಲ. ಅಷ್ಟು ಬೇಡ್ಕೊಂಡಿದ್ದೆ ನಿಮ್ಮನ್ನ."

ಮೇಡಂ ಗಡಿಯಾರದಿಂದ ಕಣ್ಣು ಕೀಳಲಿಲ್ಲ.

"ಇಂಜೆಕ್ಷನ್ ಕೊಟ್ಟಿದ್ದು ಆ ಮೊದಲನೇದಕ್ಕೆ. ನಿನ್ನ ಗುಂಡನಿಗೆ ಎಲ್ಲಾ ನೆನಪಿದೆ. ಕಟ್ಟೆ ಇದ್ದದ್ದು ಅಲ್ಲೇ, ಬೆಳಿಗ್ಗೆ ನಾನೇ ತೆಗೆದಿಟ್ಟೆ."